ಇಂಗ್ಲೆಂಡಿನ ಹಳೇ ಮನೆ, ಲಡ್ಡಾದ ಹಲಗೆ ಮತ್ತು ‘ಉಚಿತ ಸರ್ವೆ’

ಮೂಡಿಗೆರೆ, ಕೊಪ್ಪ, ಸಕಲೇಶಪುರ ಕಡೆಯವರಿಗೆ ಹಳೇ ಮನೆ ಅಂದರೆ ಒಂಥರಾ ಸಲುಗೆ. ಅಟ್ಟದ ಹಲಗೆ ಕಿರ್ ಅಂದರೆ ಹೆದರುವವರಲ್ಲ ನಾವು. ಅದೇ ಧೈರ್ಯದಲ್ಲಿ ಇಲ್ಲಿನ ವಿಕ್ಟೋರಿಯನ್ ಕಾಲದ ಮನೆಗೆ ಮರುಳಾಗಿ ಅಡ್ವಾನ್ಸ್ ಕೊಡಲು ಓಡುತ್ತೇವೆ. ಮಾರ್ಟ್‌ಗೇಜು, ಸ್ಟ್ಯಾಂಪ್ ಡ್ಯೂಟಿ ಎಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ. ನಮ್ಮವರು ಒಬ್ಬರ ಹಿಂದೆ ಒಬ್ಬರು ದುಡ್ಡು ಕಳೆದುಕೊಳ್ಳುತ್ತಿರುವುದು ಕಾಲಡಿಯ ಮರದಲ್ಲಿ.

ಊರಲ್ಲಿ ಮರ ಇರುವುದು ತಲೆಯ ಮೇಲೆ. ಕೆಳಗೆ ಮಣ್ಣು ತುಂಬಿ ದಮ್ಮಾಸು ಹೊಡೆದ ರೆಡ್ ಆಕ್ಸೈಡ್ ನೆಲ. ಇಲ್ಲಿ ಕೆಳ ಅಂತಸ್ತಿನ ನೆಲವೇ ಮರದ್ದು. ಗೋಡೆಯಿಂದ ಗೋಡೆಗೆ ಜಾಯಿಸ್ಟ್ ಅನ್ನುವ ಜಂತೆ, ಅದರ ಮೇಲೆ ಪೈನ್ ಹಲಗೆ, ಅಡಿಯಲ್ಲಿ ಟೊಳ್ಳು. ಆ ಟೊಳ್ಳಿನಲ್ಲಿ ಗಾಳಿ ಆಡಲಿ ಅಂತ ಹೊರಗೋಡೆಯ ಬುಡದಲ್ಲಿ ತೂತಿನ ಇಟ್ಟಿಗೆ, ಏರ್‌ಬ್ರಿಕ್. ಗೆದ್ದಲಿನ ಕಾಟ ಇಲ್ಲಿಲ್ಲ, ಗೇರೆಣ್ಣೆ ಬಳಿಯುವ ಕೆಲಸವೂ ಇಲ್ಲ. ಮರ ತಿನ್ನುವುದು ಶಿಲೀಂಧ್ರ. ಮರದ ತೇವಾಂಶ ಸುಮಾರು ಶೇ. 20 ದಾಟಿದರೆ ಡ್ರೈ ರಾಟ್ ಅನ್ನುವ ಶಿಲೀಂಧ್ರಕ್ಕೆ ಹಬ್ಬ. ಅದರ ಎಳೆಗಳು ಇಟ್ಟಿಗೆ ಗೋಡೆಯನ್ನೂ ದಾಟಿ ಪಕ್ಕದ ಮರಕ್ಕೆ ಹೋಗುತ್ತವೆ. ವೆಟ್ ರಾಟ್ ಅನ್ನುವ ಇನ್ನೊಂದು ಬಗೆಗೆ ಇನ್ನೂ ಹೆಚ್ಚು ನೀರು ಬೇಕು, ಅದು ಒದ್ದೆ ಇದ್ದಲ್ಲೇ ಇರುತ್ತದೆ. ಎರಡಕ್ಕೂ ಮೂಲ ನೀರು. ನೀರು ನಿಲ್ಲಿಸದೆ ಮರ ಬದಲಿಸಿದರೆ ಹೊಸ ಮರವೂ ಕೊಳೆಯುತ್ತದೆ.

ಈಗ ಮುಖ್ಯ ವಿಷಯ. ಬ್ಯಾಂಕಿನವರು ಮಾಡಿಸುವ ವ್ಯಾಲ್ಯುಯೇಷನ್, ಅಂದರೆ ಮನೆಗೆ ಬೆಲೆ ಕಟ್ಟುವುದು, ಬ್ಯಾಂಕಿನ ಸಮಾಧಾನಕ್ಕೆ, ನಿಮಗಲ್ಲ. ಹಳೇ ಮನೆಗೆ ಲೆವೆಲ್ 3 ಸರ್ವೆಯೇ, ಅಂದರೆ ಎಲ್ಲಕ್ಕಿಂತ ವಿವರವಾದ ತಪಾಸಣೆಯೇ ಬೇಕು. ಆದರೆ ಅದರಲ್ಲೂ ಸರ್ವೆಯರ್ ಅಂಟಿಸಿದ ಕಾರ್ಪೆಟ್ ಎಬ್ಬಿಸುವುದಿಲ್ಲ, ಹಲಗೆ ಕೀಳುವುದಿಲ್ಲ. ‘ಡ್ಯಾಂಪ್ (ಗೋಡೆಯ ಥಂಡಿ) ಮತ್ತು ಮರದ ತಜ್ಞರಿಂದ ನೋಡಿಸಿ’ ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳುತ್ತಾನೆ. ಆಗ ಎಸ್ಟೇಟ್ ಏಜೆಂಟ್ ನಗುತ್ತಾ ಒಂದು ನಂಬರು ಕೊಡುತ್ತಾನೆ: ಬಂದು ನೋಡುವುದು ಪೂರ್ತಿ ಉಚಿತ!

ಅರಸೀಕೆರೆ ಕಡೆಯ ಗೆಳೆಯನೊಬ್ಬ ಆ ನಂಬರಿಗೆ ಫೋನ್ ಮಾಡಿದ. ಬಂದವನು ಪ್ಲಾಸ್ಟರ್‌ಗೆ ತೇವ ಅಳೆಯುವ ಮೀಟರ್‌ನ ಎರಡು ಮೊಳೆ ಒತ್ತಿದ, ಕೆಂಪು ದೀಪ ಹತ್ತಿತು, ಬೀಪ್ ಅಂತು. ಆ ಮೀಟರ್ ಮರಕ್ಕೆ ಅಂತ ಮಾಡಿದ್ದು. ಹಳೇ ಪ್ಲಾಸ್ಟರ್‌ನಲ್ಲಿ ಉಪ್ಪು ಕೂತಿದ್ದರೂ ಕೆಂಪಾಗುತ್ತದೆ. ವರದಿಯಲ್ಲಿ ಥಂಡಿ ತಡೆಯಲು ಗೋಡೆಗೆ ಔಷಧಿಯ ಇಂಜೆಕ್ಷನ್, ಹೊಸ ಪ್ಲಾಸ್ಟರ್, ಮರಕ್ಕೆಲ್ಲ ಔಷಧಿ, ಹೊಸ ಜಾಯಿಸ್ಟ್, ಇಪ್ಪತ್ತು ವರ್ಷದ ಗ್ಯಾರಂಟಿ. ಸಾವಿರಗಟ್ಟಲೆ ಪೌಂಡ್ ಕೊಟ್ಟು ಮಾಡಿಸಿದ. ಎರಡನೇ ಚಳಿಗಾಲಕ್ಕೆ ಮತ್ತೆ ಅಣಬೆ ವಾಸನೆ. ಬಾಣಂತನಕ್ಕೆ ಅಂತ ಬಂದಿದ್ದ ಬಾಳೆಹೊನ್ನೂರಿನ ಮಾವನವರು ಮನೆ ಸುತ್ತ ಒಂದು ಸುತ್ತು ಹಾಕಿ, ‘ಇಲ್ಲಿ ಗಾಳಿ ಹೋಗೋದು ಎಲ್ಲಿಂದ ಮಾರಾಯ?’ ಅಂದರು. ಹಿಂದಿನ ಮಾಲೀಕ ಹಾಕಿಸಿದ್ದ ಪೇಟಿಯೊ ಕಲ್ಲು, ಅಂದರೆ ಹೊರಗಿನ ಕಲ್ಲುಹಾಸು, ಏರ್‌ಬ್ರಿಕ್‌ಗಳನ್ನು ಅರ್ಧಕ್ಕೆ ನುಂಗಿತ್ತು. ಗ್ಯಾರಂಟಿ ಪತ್ರದ ಸಣ್ಣಕ್ಷರದಲ್ಲಿ ‘ಗಾಳಿಯ ದಾರಿ ಮುಚ್ಚಿದ್ದರೆ ನಾವು ಜವಾಬ್ದಾರರಲ್ಲ’ ಅಂತಿತ್ತು. ಕಡೆಗೆ ಗೋಡೆಯುದ್ದಕ್ಕೂ ಕಲ್ಲು ಎಬ್ಬಿಸಿ, ಥಂಡಿ ಮೇಲೇರದಂತೆ ಗೋಡೆಯ ಬುಡದಲ್ಲಿ ಹಾಕಿದ ಡ್ಯಾಂಪ್‌ಪ್ರೂಫ್ ಪದರಕ್ಕಿಂತ 150 ಮಿಲಿಮೀಟರ್ ಕೆಳಗೆ ಹೊರಗಿನ ನೆಲ ಇಳಿಸಿದ ಮೇಲೆ ಒಣಗಿತು.

ಔಷಧಿ ಮಾರುವವನನ್ನೇ ರೋಗ ಹೇಳಲು ಕರೆಯಬೇಡಿ. ವರದಿಗೆ ಮಾತ್ರ ಫೀಸು ತೆಗೆದುಕೊಳ್ಳುವ, ಕೆಲಸ ಗುತ್ತಿಗೆ ಹಿಡಿಯದ ಚಾರ್ಟರ್ಡ್ ಬಿಲ್ಡಿಂಗ್ ಸರ್ವೆಯರ್ ಹಿಡಿಯಿರಿ. ಅದೂ ಕಾಂಟ್ರ್ಯಾಕ್ಟ್ ಎಕ್ಸ್‌ಚೇಂಜ್‌ಗೆ, ಅಂದರೆ ಇಬ್ಬರೂ ಕರಾರಿಗೆ ಕಟ್ಟುಬೀಳುವುದಕ್ಕೆ ಮುಂಚೆ. ಅಲ್ಲಿಯವರೆಗೆ ಬೆಲೆ ಇಳಿಸಿ ಅನ್ನಬಹುದು, ಬೇಡ ಅಂತ ಎದ್ದೂ ಬರಬಹುದು; ಆಮೇಲೆ ಲಡ್ಡಾದ ಮರ ನಿಮ್ಮದೇ. ಮಾರುವವರನ್ನು ಕೇಳಿಕೊಂಡು, ಹೊರಗೋಡೆಯ ಪಕ್ಕದ ಮೂಲೆಯಲ್ಲಿ ಕಾರ್ಪೆಟ್ ಎತ್ತಿ ಹಲಗೆಗೆ ಸ್ಕ್ರೂಡ್ರೈವರ್ ಚುಚ್ಚಿಸಿ. ಜಾಯಿಸ್ಟ್ ಕೊಳೆಯುವುದು ಸಾಮಾನ್ಯವಾಗಿ ಗೋಡೆಯೊಳಗೆ ಕೂತ ತುದಿಯಿಂದ. ಮರ ಚೌಕ ಚೌಕವಾಗಿ ಸೀಳಿದ್ದರೆ, ಇಟ್ಟಿಗೆಪುಡಿಯಂಥ ಕೆಂಪು ಧೂಳು ಕೂತಿದ್ದರೆ ಡ್ರೈ ರಾಟ್ ಅಂತ ಅನುಮಾನಿಸಿ.

ಮನೆಯ ವಿವರಗಳನ್ನು ಮಾರುವವರು ತುಂಬಿಕೊಡುವ ಟಿಎ6 ಫಾರ್ಮಿನಲ್ಲಿ ಮರಕ್ಕೆ ಔಷಧಿ ಹೊಡೆಸಿದ ಗ್ಯಾರಂಟಿ ಇದೆಯಾ ಅನ್ನುವ ಪ್ರಶ್ನೆ ಇದೆ. ‘ಇದೆ’ ಅಂದರೆ ನಮ್ಮವರು ಖುಷಿಪಡುತ್ತಾರೆ. ಹಿಂದೊಮ್ಮೆ ಅಲ್ಲಿ ಏನೋ ಆಗಿತ್ತು ಅಂತ ತಾನೇ ಅದರ ಅರ್ಥ? ಕಾರಣ ಏನಿತ್ತು ಅಂತ ನಿಮ್ಮ ವಕೀಲ, ಸಾಲಿಸಿಟರ್ ಮೂಲಕ ಬರಹದಲ್ಲಿ ಕೇಳಿಸಿ.

ಇನ್ನು, ‘ಮರದ ಗೊಡವೆಯೇ ಬೇಡ, ಕಾಂಕ್ರೀಟ್ ಸುರಿದುಬಿಡೋಣ’ ಅನ್ನುವವರು. ಹಾಸನದ ಸೈಟಲ್ಲಿ ಸರಿ, ಇಲ್ಲಿ ಬೇಡ. ಮುಂದಿನ ಕೋಣೆ ತುಂಬಿಸಿದರೆ ಹಿಂದಿನ ಕೋಣೆಯ ಅಡಿಗೆ ಗಾಳಿ ನಿಲ್ಲುತ್ತದೆ, ನೆಲದ ಥಂಡಿ ಗೋಡೆ ಹತ್ತುತ್ತದೆ. ಕೊಳೆತ ತುದಿ ಕತ್ತರಿಸಿ ಪಕ್ಕಕ್ಕೆ ಹೊಸ ಮರ ಬೋಲ್ಟ್ ಮಾಡಿದರೆ ಎಷ್ಟೋ ಸಲ ಸಾಕು. ನಮ್ಮ ಆಚಾರಿಗಳು ಮಾಡುವುದೂ ಇದನ್ನೇ. ಈ ವಿಷಯದಲ್ಲಿ ನನ್ನ ಓಟು ಊರಿನ ಪದ್ಧತಿಗೆ: ಆಚಾರಿ ಉಳಿ ಹಿಡಿದು ಕುಟ್ಟಿ ನೋಡಿ ಹೇಳುತ್ತಾನೆ, ಡಬ್ಬಿ ಮಾರುವುದಿಲ್ಲ. ಕಾಗದಪತ್ರದಲ್ಲಿ ಮಾತ್ರ ಇಲ್ಲಿನವರೇ ವಾಸಿ, ಖಾತೆ, ಇ.ಸಿ., ವಂಶವೃಕ್ಷ ಅಂತ ಅಲೆದಾಟವಿಲ್ಲ.

ಮನೆ ಇನ್ಶೂರೆನ್ಸ್ ನಂಬಿ ಕೂರಬೇಡಿ, ನಿಧಾನವಾಗಿ ಕೊಳೆತದ್ದಕ್ಕೆ ಸಾಮಾನ್ಯವಾಗಿ ಕಾಸು ಬರುವುದಿಲ್ಲ. ಲಿಸ್ಟೆಡ್ ಮನೆಯಾದರೆ, ಅಂದರೆ ಪಾರಂಪರಿಕ ಕಟ್ಟಡ ಅಂತ ಪಟ್ಟಿಯಲ್ಲಿದ್ದರೆ, ಹಲಗೆ ಮುಟ್ಟುವ ಮುಂಚೆ ಕೌನ್ಸಿಲ್ಲಿನಲ್ಲಿ ವಿಚಾರಿಸಿ. ಒಪ್ಪಿಗೆ ಬೇಕಾದ ಕಡೆ ಇಲ್ಲದೆ ಮಾಡಿಸಿದರೆ ಅದು ಕ್ರಿಮಿನಲ್ ಅಪರಾಧ. ನೆಲದ ಅರ್ಧಕ್ಕಿಂತ ಹೆಚ್ಚು ಭಾಗ ಹೊಸದು ಮಾಡಿದರೆ ಇನ್ಸುಲೇಷನ್ ಸೇರಿಸುವ ನಿಯಮವೂ ಬರುತ್ತದೆ, ಕೊಟೇಶನ್‌ನಲ್ಲಿ ಅದು ಇದೆಯಾ ನೋಡಿ. ಜಾಯಿಸ್ಟ್ ಬದಲಿಸುವುದಾದರೆ ಮೊದಲೇ ಕಟ್ಟಡ ನಿಯಮ ಪರಿಶೀಲಿಸುವ ಬಿಲ್ಡಿಂಗ್ ಕಂಟ್ರೋಲ್‌ಗೆ ತಿಳಿಸಿ, ಹಲಗೆ ಮುಚ್ಚುವ ಮುಂಚೆ ಇನ್ಸ್‌ಪೆಕ್ಟರ್‌ಗೆ ತೋರಿಸಿ. ಕಂಪ್ಲೀಶನ್ ಸರ್ಟಿಫಿಕೇಟ್ ಕೈಗೆ ಬರುವವರೆಗೆ ಬಿಲ್ಡರ್‌ಗೆ ಕೊನೇ ಕಂತು ಕೊಡಬೇಡಿ.