ಟ್ರಾನ್ಸ್‌ಫರ್ ಬಂದಾಗ ಬರೆದಿಟ್ಟು ಹೋಗಿದ್ದು

ನಾನು ಬೆಂಗಳೂರಿನ ಹುಡುಗ. ಜನ ಮಾರ್ಮನ್ ಅಂತ ಕರೆಯುವ ಕ್ರೈಸ್ತ ಸಭೆಯ ಮಿಷನರಿಯಾಗಿ, ಅಂದರೆ ಧರ್ಮಪ್ರಚಾರಕನಾಗಿ ಹೋಗಿದ್ದೆ. ಹುಡುಗರಿಗೆ 24 ತಿಂಗಳ ಸೇವೆ, ಹುಡುಗಿಯರಿಗೆ 18. ಎಲ್ಲಿಗೆ ಅನ್ನುವುದು ನಮ್ಮ ಕೈಯಲ್ಲಿಲ್ಲ. ನನಗೆ ಬೆಂಗಳೂರು ಮಿಷನ್ನೇ ಸಿಕ್ಕಿತು ಅಂತ ಅಮ್ಮನಿಗೆ ಖುಷಿಯೋ ಖುಷಿ. ಆದರೆ ಮಿಷನ್ ಅಂದರೆ ಒಂದು ಊರಲ್ಲ, ದೊಡ್ಡ ಪ್ರಾಂತ್ಯ; 1993ರಲ್ಲಿ ಶುರುವಾದ ಆ ಮಿಷನ್ನಿಗೆ ನಾನು ಹೋದಾಗ ಆಂಧ್ರ, ತಮಿಳುನಾಡೂ ಸೇರಿದ್ದವು. ನಾನು ಹೋಗಿದ್ದು ರಾಜಮಹೇಂದ್ರಿಗೆ.

ನಮ್ಮಲ್ಲಿ ಯಾವಾಗಲೂ ಇಬ್ಬರಿಬ್ಬರು; ಜೊತೆಗಾರನನ್ನು ಕಂಪ್ಯಾನಿಯನ್ ಅನ್ನುತ್ತೇವೆ. ಆರು ವಾರಕ್ಕೊಮ್ಮೆ ಟ್ರಾನ್ಸ್‌ಫರ್. ಸಾಮಾನ್ಯವಾಗಿ ಜೋಡಿಯಲ್ಲಿ ಒಬ್ಬ ಹೋಗುತ್ತಾನೆ, ಇನ್ನೊಬ್ಬ ಉಳಿಯುತ್ತಾನೆ. ಆ ಸಲದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಕೊಯಮತ್ತೂರು ಅಂತಿತ್ತು.

ಗಂಟುಮೂಟೆ ಕಟ್ಟುವುದು ದೊಡ್ಡ ಕೆಲಸವಲ್ಲ. ಕುಕ್ಕರು, ಮಂಚ, ಇಸ್ತ್ರಿಪೆಟ್ಟಿಗೆ ಎಲ್ಲ ಬಾಡಿಗೆ ಮನೆಯಲ್ಲೇ ಉಳಿಯುತ್ತವೆ. ಬಿಳಿ ಅಂಗಿ, ಟೈ, ಎದೆಗೆ ಹಾಕುವ ಕಪ್ಪು ನೇಮ್‌ಟ್ಯಾಗು, ಪುಸ್ತಕ ತೆಗೆದುಕೊಂಡರೆ ಮುಗೀತು. ಸಭೆಯ ಆಂಟಿಯೊಬ್ಬರು ಆತ್ರೇಯಪುರದ ಪೂತರೇಕುಲು ಅನ್ನುವ ಸಿಹಿತಿಂಡಿ, ಗೋಂಗೂರ ಉಪ್ಪಿನಕಾಯಿ ತಂದುಕೊಟ್ಟರು. ಉಪ್ಪಿನಕಾಯಿಯ ಎಣ್ಣೆ ಬಿಳಿ ಅಂಗಿಗೆ ಇಳಿಯಬಾರದಲ್ಲ, ಪೆಟ್ಟಿಗೆಯನ್ನು ಕಟ್ಟಿ ಬಿಚ್ಚಿ ಮತ್ತೆ ಕಟ್ಟಿದ್ದು ಅದೊಂದಕ್ಕೇ.

ಹೊತ್ತು ಹಿಡಿದಿದ್ದು ನಾವು ಭೇಟಿ ಮಾಡುತ್ತಿದ್ದ ಜನರನ್ನು ಮುಂದೆ ಬರುವವನ ಕೈಗೆ ಒಪ್ಪಿಸಿಕೊಡುವ ಕೆಲಸ. ಯಾರ ಮನೆಗೆ ಯಾವತ್ತು ಹೋಗಿದ್ದೆವು, ಯಾವ ಪಾಠ ಹೇಳಿದೆವು ಅನ್ನುವುದೆಲ್ಲ ಫೋನಿನ ಆ್ಯಪ್‌ನಲ್ಲಿ ಇರುತ್ತದೆ. ಆದರೆ ಮೂರನೇ ಮನೆಯವರು ರಾತ್ರಿ ಪಾಳಿ ಮುಗಿಸಿ ಬಂದು ಮಧ್ಯಾಹ್ನದವರೆಗೆ ಮಲಗುತ್ತಾರೆ, ಆಗ ಬೆಲ್ ಒತ್ತಬಾರದು. ಅಜ್ಜಿಗೆ ಮಂಡಿ ನೋವು, ಸಭೆಗೆ ಬರಬೇಕಾದರೆ ಯಾರಾದರೂ ಆಟೋ ಹಿಡಿದುಕೊಡಬೇಕು. ಆ ಕಾಲೇಜು ಹುಡುಗನ ಹತ್ತಿರ ಮೊದಲು ಕ್ರಿಕೆಟ್ ಮಾತಾಡಬೇಕು. ಇವನ್ನು ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಮನೆಮನೆಯ ಸಾಲ, ಜಗಳದ ವಿಷಯ ಮಾತ್ರ ಬರೆಯಲಿಲ್ಲ. ನಮ್ಮನ್ನು ನಂಬಿ ಹೇಳಿಕೊಂಡಿದ್ದು ಹೊಸಬನ ಓದಿಗಲ್ಲ. ಉಳಿಯುವ ಕಂಪ್ಯಾನಿಯನ್‌ನನ್ನು ಕರೆದುಕೊಂಡು ಹೋಗಿ ಎಲ್ಲರಿಗೂ ಹೇಳಿ ಬಂದೆ. ‘ಮತ್ತೆ ಬರ್ತೀಯಾ ಬಾಬೂ?’ ಅಂತ ಕೇಳಿದವರಿಗೆ ‘ಗೊತ್ತಿಲ್ಲ ಆಂಟಿ’ ಅಂದೆ. ಬರ್ತೀನಿ ಅನ್ನುವುದು ಸುಲಭ. ಆಮೇಲೆ ದಾರಿ ಕಾಯುವವರು ಅವರು.

ಧನ್‌ಬಾದ್–ಆಲಪ್ಪುಳ ರೈಲು ರಾಜಮಹೇಂದ್ರಿಯಿಂದ ಕೊಯಮತ್ತೂರಿಗೆ ನೇರ ಹೋಗುತ್ತದೆ. ಒಬ್ಬೊಬ್ಬರೇ ಓಡಾಡುವ ಹಾಗಿಲ್ಲ, ಹಾಗಾಗಿ ಅದೇ ದಿಕ್ಕಿಗೆ ಟ್ರಾನ್ಸ್‌ಫರ್ ಆದ ಇನ್ನೊಬ್ಬ ಎಲ್ಡರ್ (ಹುಡುಗ ಮಿಷನರಿಗಳನ್ನು ಹಾಗೆ ಕರೆಯುತ್ತಾರೆ) ಜೊತೆಗಿದ್ದ. ಪೂತರೇಕುಲು ವಿಜಯವಾಡ ದಾಟುವಷ್ಟರಲ್ಲಿ ಖಾಲಿ.

ಹೊಸ ಮನೆಯ ಬೀರುವಿನಲ್ಲಿ ಹಿಂದಿನ ಎಲ್ಡರ್‌ಗಳು ಬಿಟ್ಟುಹೋದ ಟೈಗಳ ರಾಶಿ. ಬೆಳಿಗ್ಗೆ 6:30ಕ್ಕೆ ಏಳುವುದು, ರಾತ್ರಿ 10:30ಕ್ಕೆ ದೀಪ ಆರಿಸುವುದು ಎಲ್ಲ ಊರಲ್ಲೂ ಒಂದೇ. ಮೊದಲ ವಾರ ನಾನಾಗಿ ಹೊಸದೇನೂ ಶುರು ಮಾಡಲಿಲ್ಲ, ಅಲ್ಲಿದ್ದ ಕಂಪ್ಯಾನಿಯನ್ ಹಿಂದೆ ನಡೆದೆ. ಈ ಊರಲ್ಲಿ ನಮ್ಮ ಸಭೆ ನನಗಿಂತ ತುಂಬಾ ಮುಂಚಿನದು. ಇಲ್ಲಿನ ಪಾಲ್ ತಿರುತುವದಾಸ್ ಅನ್ನುವವರು 1965ರಲ್ಲೇ ದೀಕ್ಷಾಸ್ನಾನ ಪಡೆದಿದ್ದರು. ನಿನ್ನೆ ಮೊನ್ನೆ ಬಂದ ನಾನು ಇಲ್ಲಿಯವರಿಗೆ ಹೊಸ ಯೋಜನೆ ಹೇಳುವುದು ಅಧಿಕಪ್ರಸಂಗ.

ಕಷ್ಟವಾಗಿದ್ದು ಕಾಫಿ. ನಮ್ಮ ಸಭೆಯಲ್ಲಿ ಕಾಫಿ, ಟೀ ಎರಡೂ ಇಲ್ಲ. ಕೊಯಮತ್ತೂರಿನ ಮನೆಗಳಲ್ಲಿ ಡಿಕಾಕ್ಷನ್ ವಾಸನೆ ಬಾಗಿಲಿಗೇ ಬಂದು ಎದುರುಗೊಳ್ಳುತ್ತದೆ. ನೊರೆ ಉಕ್ಕುವ ಲೋಟ ಮುಂದಿಟ್ಟ ಮೇಲೆ ಬೇಡ ಅಂದರೆ ಪಾಟಿಯ (ತಮಿಳಿನಲ್ಲಿ ಅಜ್ಜಿ) ಮುಖ ಸಣ್ಣದಾಗುತ್ತದೆ. ಕಂಪ್ಯಾನಿಯನ್ ಇದಕ್ಕೊಂದು ಉಪಾಯ ಕಂಡುಕೊಂಡಿದ್ದ: ಕೂರುವ ಮೊದಲೇ ‘ಪಾಟಿ, ಸಿರುವಾಣಿ ತಣ್ಣಿ’ ಅಂತ ನೀರು ಕೇಳಿಬಿಡುವುದು. ಆ ಊರಿನವರಿಗೆ ಸಿರುವಾಣಿ ನೀರೆಂದರೆ ಹೆಮ್ಮೆ. ಇಂಥ ಸಿಹಿನೀರು ಬೇರೆಲ್ಲಿದೆ ಅಂತ ಮಾತು ಶುರುವಾದರೆ ಒಲೆ ಹಚ್ಚುವುದು ಮರೆತೇ ಹೋಗುತ್ತದೆ. ಮರೆಯದವರು ಮಜ್ಜಿಗೆ ಕೊಡುತ್ತಾರೆ. ಅದಕ್ಕೆ ಯಾವ ಅಡ್ಡಿಯೂ ಇಲ್ಲ.

ವಾರಕ್ಕೊಮ್ಮೆ ಮನೆಗೆ ಫೋನ್ ಮಾಡಬಹುದು. 2019ಕ್ಕೆ ಮೊದಲು ಹೋಗಿದ್ದ ನಮ್ಮ ಅಣ್ಣಂದಿರಿಗೆ ವರ್ಷಕ್ಕೆರಡು ಸಲ ಮಾತ್ರ ಮನೆಯವರ ದನಿ ಕೇಳುವ ಭಾಗ್ಯ. ಅಮ್ಮ ಕೇಳಿದ್ದು ಒಂದೇ: ‘ಈಗ ಬೆಂಗಳೂರು ಹತ್ತಿರ ಆಯ್ತಲ್ಲ, ಒಂದು ದಿನ ಬಂದು ಹೋಗೋ?’ ಮಿಷನ್ ಮುಗಿಯುವವರೆಗೆ ಮನೆಗೆ ಹೋಗುವಂತಿಲ್ಲ ಅಂತ ಅವಳಿಗೆ ಚೆನ್ನಾಗಿ ಗೊತ್ತು. ಆದರೂ ಕೇಳುತ್ತಾಳೆ.

ಮುಂದಿನ ಪಟ್ಟಿಯಲ್ಲಿ ಕಂಪ್ಯಾನಿಯನ್‌ಗೆ ಟ್ರಾನ್ಸ್‌ಫರ್ ಬಂತು, ನಾನು ಉಳಿದೆ. ಮನೆ ಬೀಗದ ಕೈ, ಗ್ಯಾಸ್ ಬುಕ್ಕು ನನ್ನ ಕೈಗಿಟ್ಟು, ಅವನೂ ಒಂದು ನೋಟ್‌ಬುಕ್ ತೆಗೆದುಕೊಂಡು ಬರೆಯಲು ಕೂತ. ಮೊದಲ ಪುಟದಲ್ಲಿ ಯಾವ ಮನೆಯಲ್ಲಿ ಮಜ್ಜಿಗೆ ಸಿಗುತ್ತದೆ ಅನ್ನುವ ಪಟ್ಟಿ.