ಟ್ರಾನ್ಸ್‌ಪ್ಲಾಂಟ್ ವಾರ್ಡಿನಿಂದ ಕರೆ ಬಂದಾಗ

ನಾನು ಮಕ್ಕಳ ಸರ್ಜನ್. ಅಸ್ಥಿಮಜ್ಜೆ ಕಸಿ ಮಾಡುವ ವಾರ್ಡಿನವರು ನನ್ನನ್ನು ಕರೆಯುವುದು ಹೆಚ್ಚಾಗಿ ಹೊಟ್ಟೆಯ ವಿಷಯಕ್ಕೆ. ಕಸಿಗೆ ಮುಂಚೆ ಕೊಡುವ ಜೋರು ಕೀಮೋದಿಂದ ಕರುಳಿನ ಒಳಪದರ ಹಾಳಾಗಿರುತ್ತದೆ. ಬಿಳಿ ರಕ್ತಕಣಗಳೂ ಇಲ್ಲದ ಆ ದಿನಗಳಲ್ಲಿ ಬ್ಯಾಕ್ಟೀರಿಯಾ ಕರುಳಿನ ಗೋಡೆಗೆ ನುಗ್ಗುತ್ತವೆ. ಜ್ವರ, ಭೇದಿ, ಕೆಳಹೊಟ್ಟೆಯ ಬಲಗಡೆ ನೋವು. ಇದಕ್ಕೆ ಟಿಫ್ಲೈಟಿಸ್ ಅನ್ನುತ್ತೇವೆ. ಬಲಗಡೆ ನೋವು ಅಂದ ಕೂಡಲೇ ಅಪೆಂಡಿಕ್ಸ್ ನೆನಪಾಗುತ್ತೆ, ಅಲ್ವಾ? ಆದರೆ ಇದು ಬಹುಪಾಲು ಆಪರೇಷನ್ ಇಲ್ಲದೆ, ಆಂಟಿಬಯೋಟಿಕ್‌ನಿಂದಲೇ ವಾಸಿಯಾಗುತ್ತದೆ.

ಮಗುವನ್ನು ಮುಟ್ಟುವ ಮೊದಲು ನಾನು ಚಾರ್ಟ್ ನೋಡುತ್ತೇನೆ. ಸೋಂಕಿನ ಜೊತೆ ಹೋರಾಡುವ ಬಿಳಿಕಣ, ನ್ಯೂಟ್ರೋಫಿಲ್, 500 ದಾಟಿದೆಯಾ? ಸ್ಟೀರಾಯ್ಡ್ ನಡೀತಿದೆಯಾ? ಸ್ಟೀರಾಯ್ಡ್ ಇದ್ದರೆ ಹೊಟ್ಟೆಯನ್ನು ನಂಬುವ ಹಾಗಿಲ್ಲ. ಕರುಳು ತೂತಾಗಿದ್ದರೂ, ಗಟ್ಟಿಯಾಗಬೇಕಾದ ಹೊಟ್ಟೆ ಮೆತ್ತಗೇ ಇರಬಹುದು. ಅದಕ್ಕೇ ಒಂದೇ ಸರ್ಜನ್ ಮತ್ತೆ ಮತ್ತೆ ಹೋಗಿ ಮುಟ್ಟಿ ನೋಡಬೇಕು. ಬೆಳಗ್ಗೆಗೂ ಸಂಜೆಗೂ ಇರುವ ವ್ಯತ್ಯಾಸ ಆ ಕೈಗೇ ಗೊತ್ತಾಗುವುದು.

ಥಲಸೇಮಿಯಾ ಅನ್ನುವ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇದ್ದ ಒಬ್ಬ ಹುಡುಗನಿಗೆ ಅಕ್ಕನ ಮಜ್ಜೆ ಹಾಕಿದ್ದರು. ಆಮೇಲೆ ಅಕ್ಕನ ಕಣಗಳು ಅವನ ಕರುಳಿನ ಮೇಲೇ ತಿರುಗಿಬಿದ್ದವು. ಅದನ್ನು ತಗ್ಗಿಸಲು ಸ್ಟೀರಾಯ್ಡ್ ಶುರುವಾಯಿತು. ಎಕ್ಸ್‌ರೇಯಲ್ಲಿ ಕರುಳಿನ ಗೋಡೆಯೊಳಗೆ ಗಾಳಿ, ಹೊರಗೂ ಸ್ವಲ್ಪ ಗಾಳಿ. ಬೇರೆ ಮಗುವಾಗಿದ್ದರೆ ಆ ರಾತ್ರಿಯೇ ಹೊಟ್ಟೆ ತೆರೆಯುತ್ತಿದ್ದೆ. ಇವನು ನೋಡಿದರೆ ಮೊಬೈಲಲ್ಲಿ ಗೇಮ್ ಆಡುತ್ತಾ ಕೂತಿದ್ದ. ಜ್ವರ ಇಲ್ಲ, ಬಿಪಿ ಸರಿ, ಅಂಗಗಳಿಗೆ ರಕ್ತ ಸಾಲದಾದಾಗ ಏರುವ ಲ್ಯಾಕ್ಟೇಟ್ ಕೂಡ ಸರಿ. ಸಿಟಿಯಲ್ಲೂ ತೂತಿನ ಸುಳಿವಿಲ್ಲ. ಬಾಯಿಗೆ ಏನೂ ಕೊಡದೆ, ಡ್ರಿಪ್ಪಿನಲ್ಲೇ ಆಹಾರ ಕೊಟ್ಟು ಕಾದೆವು. "ಏನೂ ಮಾಡ್ತಾನೇ ಇಲ್ವಲ್ಲ ಸಾರ್?" ಅಂತ ಅವರಪ್ಪ ದಿನಾ ಕೇಳೋರು. ಸುಮ್ನೆ ಕೂತ ಹಾಗೆ ಕಾಣುವುದೇ ನನಗೆ ಜಾಸ್ತಿ ಕಷ್ಟದ ಕೆಲಸ. ಗಾಳಿ ತಾನಾಗೇ ಕರಗಿತು.

ಕರುಳು ನಿಜವಾಗಿ ತೂತಾದರೆ, ಪ್ಲೇಟ್‌ಲೆಟ್ ಕೊಟ್ಟರೂ ರಕ್ತ ನಿಲ್ಲದಿದ್ದರೆ, ಔಷಧಿ ಹಾಕಿದರೂ ಬಿಪಿ ಕುಸಿಯುತ್ತಿದ್ದರೆ ಕಾಯುವುದಿಲ್ಲ. ಆಪರೇಷನ್‌ಗೆ ಮುಂಚೆ ಪ್ಲೇಟ್‌ಲೆಟ್ 50,000 ದಾಟಿಸಿಕೊಳ್ಳಲು ನೋಡುತ್ತೇವೆ. ಕೊಡುವ ರಕ್ತಕ್ಕೆ ವಿಕಿರಣ ಹಾಯಿಸಿರಲೇಬೇಕು. ಇಲ್ಲವಾದರೆ ದಾನಿಯ ಬಿಳಿಕಣಗಳೇ ಮಗುವಿನ ಮೇಲೆ ಬೀಳಬಹುದು. ಸತ್ತ ಭಾಗ ತೆಗೆದ ಮೇಲೆ ಕರುಳು ಜೋಡಿಸುವ ಆಸೆಗೆ ನಾನು ಬೀಳುವುದಿಲ್ಲ. ಸ್ಟೀರಾಯ್ಡ್ ತಿಂದ ಕರುಳಲ್ಲಿ ಹೊಲಿಗೆ ನಿಲ್ಲುವ ಭರವಸೆ ಇಲ್ಲ. ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ಹೊರಗೆ ತೆರೆದು (ಸ್ಟೋಮಾ) ಇಟ್ಟು, ಬಿಳಿಕಣದ ಕೌಂಟ್ ಏರಿದ ಮೇಲೆ ಮುಚ್ಚುತ್ತೇನೆ.

ಶ್ವಾಸಕೋಶದ ಮ್ಯೂಕರ್ ಶಿಲೀಂಧ್ರದ ಲೆಕ್ಕವೇ ಬೇರೆ. ಅದು ರಕ್ತನಾಳದೊಳಗೇ ಬೆಳೆಯುತ್ತದೆ. ಬಿಳಿಕಣ ವಾಪಸ್ ಬರುವಾಗ ಆ ಜಾಗ ಕರಗಿ, ಪಕ್ಕದ ದೊಡ್ಡ ನಾಳ ಒಡೆದು, ಮಗು ರಕ್ತ ಕೆಮ್ಮಬಹುದು. ಶಿಲೀಂಧ್ರದ ಗಂಟು ಅಂಥ ನಾಳದ ಪಕ್ಕ ಇದ್ದರೆ, ಅದನ್ನು ಆಪರೇಷನ್ ಮಾಡಿ ತೆಗೆಯಲು ಕೌಂಟ್ ಏರಲಿ ಅಂತ ನಾನು ಕಾಯುವುದಿಲ್ಲ.