ಜೋರು ಸದ್ದಿಗೆ ಕಿವಿ ಹೇಗೆ ಬಿಗಿಯುತ್ತದೆ? ಅಳೆಯುವುದು ಹೀಗೆ

ಜೋರು ಸದ್ದು ಕಿವಿಗೆ ಬಿದ್ದರೆ ಒಳಗೊಂದು ಪುಟ್ಟ ಸ್ನಾಯು ತಾನಾಗಿಯೇ ಬಿಗಿಯುತ್ತದೆ. ಹೆಸರು ಸ್ಟೇಪೀಡಿಯಸ್, ಉದ್ದ ಸುಮಾರು 6 ಮಿಲಿಮೀಟರ್. ಅದು ಬಿಗಿದದ್ದು ನಮಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಈ ಬಿಗಿತವನ್ನು ಅಳೆಯುವ ಪರೀಕ್ಷೆಯಲ್ಲಿ ‘ಕೇಳಿಸ್ತಾ?’ ಎಂದು ಯಾರೂ ಕೇಳುವುದಿಲ್ಲ. ಮಾತಾಡದೆ, ಉಗುಳು ನುಂಗದೆ ಸುಮ್ನೆ ಕೂತರೆ ಸಾಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ, ಆಡಿಯಾಲಜಿ (ಕಿವಿ ಕೇಳುವಿಕೆ ಪರೀಕ್ಷಿಸುವ) ವಿಭಾಗವಿರುವ ಆಸ್ಪತ್ರೆಗಳಲ್ಲೂ ಇದು ದಿನನಿತ್ಯದ ಕೆಲಸ.

ಮೊದಲು ಆಡಿಯಾಲಜಿಸ್ಟ್ ಬೆಳಕು ಬಿಟ್ಟು ಕಿವಿ ನೋಡುತ್ತಾರೆ. ಗುಗ್ಗೆ ಕಟ್ಟಿದ್ದರೆ ಅದನ್ನು ತೆಗೆಸಿಕೊಂಡು ಬರಬೇಕು. ಆಮೇಲೆ ಸದ್ದು ಬಿಡುವ, ಅಳೆಯುವ ಯಂತ್ರದ ರಬ್ಬರ್ ತುದಿಯ ಪ್ರೋಬ್ ಅನ್ನು ಕಿವಿಯೊಳಗೆ ಇಡುತ್ತಾರೆ. ಗಾಳಿ ಸೋರದಂತೆ ಅದು ಕೂರಬೇಕು. ಸಮಯ ತಿನ್ನುವುದು ಇದೇ. ತುದಿಯ ಸೈಜು ಸರಿಹೋಗುವವರೆಗೆ ಬದಲಿಸುತ್ತಲೇ ಇರುತ್ತಾರೆ.

ನಂತರ ಟಿಂಪನೋಮೆಟ್ರಿ, ಅಂದರೆ ಕಿವಿ ತಮಟೆ ಎಷ್ಟು ಅಲುಗುತ್ತದೆ ಎಂದು ನೋಡುವುದು. ಪ್ರೋಬ್ ಗಾಳಿಯ ಒತ್ತಡ ಏರಿಳಿಸುತ್ತದೆ. ಘಾಟಿ ಇಳಿಯುವಾಗ ಕಿವಿ ಕಟ್ಟುತ್ತದಲ್ವಾ, ಹಾಗೆ. ತಮಟೆ ಯಾವ ಒತ್ತಡದಲ್ಲಿ ಚೆನ್ನಾಗಿ ಅಲುಗುತ್ತದೋ ಅಲ್ಲೇ ಮುಂದಿನ ಅಳತೆ.

ಈಗ ಅಸಲಿ ಕೆಲಸ. 226 ಹರ್ಟ್ಸ್‌ನ ಸಣ್ಣ ಗುಂಯ್‌ಗುಡುವಿಕೆ ಕಿವಿಯಲ್ಲಿ ಇದ್ದೇ ಇರುತ್ತದೆ. ಅದರ ಮೇಲೆ 500, 1000, 2000 ಹರ್ಟ್ಸ್ ಸದ್ದನ್ನು ಒಂದೊಂದಾಗಿ ಒಂದೆರಡು ಸೆಕೆಂಡು ಬಿಡುತ್ತಾರೆ. ಸ್ನಾಯು ಬಿಗಿದರೆ ತಮಟೆಯ ಅಲುಗಾಟ ಕಡಿಮೆಯಾಗಿ, ಯಂತ್ರದ ಪರದೆಯ ಗೆರೆ ತಗ್ಗುತ್ತದೆ. 1000 ಹರ್ಟ್ಸ್‌ನಲ್ಲಿ 80 ಡೆಸಿಬಲ್‌ಗೆ ಗೆರೆ ನೇರವಾಗಿದೆ ಅಂದುಕೊಳ್ಳಿ. 5 ಏರಿಸಿ 85 ಮಾಡಿದರೆ ಸಣ್ಣ ತಗ್ಗು. 90ಕ್ಕೆ ತಗ್ಗು ಇನ್ನೂ ದೊಡ್ಡದು. ಮತ್ತೆ 85ಕ್ಕೆ ಇಳಿಸಿದಾಗಲೂ ಅದೇ ತಗ್ಗು ಬಂದರೆ, ಆ ಕಿವಿಯ ಸ್ನಾಯು ಬಿಗಿಯಲು ಶುರುವಾಗುವ ಮಿತಿ 85. ತಮಟೆಯ ಅಲುಗಾಟವನ್ನು ಮಿಲಿಲೀಟರ್‌ನಲ್ಲಿ ಹೇಳುತ್ತಾರೆ; ಸಾಮಾನ್ಯವಾಗಿ ಅದು 0.02 ಮಿಲಿಲೀಟರ್‌ನಷ್ಟು ತಗ್ಗಿದರೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಉಗುಳು ನುಂಗಿದರೂ ಗೆರೆ ಕುಣಿಯುತ್ತದೆ, ಆದರೆ ಸದ್ದಿನ ಜತೆ ತಾಳ ಹಾಕುವುದಿಲ್ಲ. ಕಣ್ಣು ಪಳಗಿದವರಿಗೆ ಅದು ಥಟ್ಟನೆ ಗೊತ್ತಾಗುತ್ತದೆ.

ಆರೋಗ್ಯವಂತರಲ್ಲಿ ಈ ಮಿತಿ ಹೆಚ್ಚಾಗಿ 70ರಿಂದ 100 ಡೆಸಿಬಲ್ ನಡುವೆ ಇರುತ್ತದೆ. 4000 ಹರ್ಟ್ಸ್‌ಗೆ ಚೆನ್ನಾಗಿ ಕೇಳುವವರಲ್ಲೂ ಕೆಲವೊಮ್ಮೆ ಸ್ನಾಯು ಬಿಗಿಯುವುದಿಲ್ಲ. ನನ್ನ ಮಟ್ಟಿಗೆ ಅದೊಂದಕ್ಕೇ ತಲೆಕೆಡಿಸಿಕೊಳ್ಳಬೇಕಿಲ್ಲ.

ಒಂದು ಕಿವಿಗೆ ಸದ್ದು ಕೊಟ್ಟರೂ ಎರಡೂ ಕಡೆಯ ಸ್ನಾಯು ಬಿಗಿಯುತ್ತವೆ. ಸದ್ದು ಬಂತೆಂಬ ಸುದ್ದಿಯು, ಕೇಳುವ ನರದಿಂದ ಮೆದುಳಿನ ಕಾಂಡಕ್ಕೆ ಹೋಗಿ, ಮುಖದ ನರದ ಮೂಲಕ ಸ್ನಾಯುವಿಗೆ ಮುಟ್ಟುತ್ತದೆ. ಅದಕ್ಕೇ ಬಲಕ್ಕೆ ಸದ್ದು ಕೊಟ್ಟು ಎಡಕ್ಕೆ ಅಳೆಯುವುದೂ ಉಂಟು. ದಾರಿಯಲ್ಲಿ ಎಲ್ಲಿ ತೊಡಕಿದೆ ಎಂಬ ಸುಳಿವು ಇದರಿಂದ ಸಿಗುತ್ತದೆ.

ಕಿವಿಯಲ್ಲಿ ಗುಂಯ್ ಎನ್ನುವ ತೊಂದರೆ ಇದ್ದರೆ, ಜೋರು ಸದ್ದು ಸಹಿಸಲಾಗದಿದ್ದರೆ ಮೊದಲೇ ಹೇಳಿಬಿಡಿ. ಸದ್ದನ್ನು ಮನಸ್ಸಿಗೆ ಬಂದಷ್ಟು ಏರಿಸುವಂತಿಲ್ಲ. ರಿಪೋರ್ಟಿನಲ್ಲಿ ಎಲ್ಲೋ ಒಂದು ಕಡೆ ‘ಎನ್‌ಆರ್’ ಎಂದಿದ್ದರೆ ಪ್ರತಿಕ್ರಿಯೆ ಬಂದಿಲ್ಲ ಎಂದಷ್ಟೇ ಅರ್ಥ. ಆಡಿಯೋಗ್ರಾಂ (ಎಷ್ಟು ಕೇಳಿಸುತ್ತದೆ ಎಂಬುದರ ನಕ್ಷೆ), ಟಿಂಪನೋಗ್ರಾಂ (ಟಿಂಪನೋಮೆಟ್ರಿಯ ನಕ್ಷೆ) ಜತೆಗಿಟ್ಟು ಓದದೆ ಅದನ್ನು ಕಾಯಿಲೆ ಅನ್ನಲು ಬರುವುದಿಲ್ಲ.